ಹಾಡು ಭೋಗ್ಯಕ್ಕಿರಲಿ, ಕ್ರಯಕ್ಕೆ ಬೇಡ

ಶಿಶುನಾಳ ಶರೀಫರ ತತ್ವಪದಗಳು ಯಾರ ಸೊತ್ತು? ಸಾಹಿತ್ಯದ ಮಟ್ಟಿಗೆ ಉತ್ತರ ಸುಲಭ. ಶರೀಫರು ತೀರಿಕೊಂಡದ್ದು 1889ರಲ್ಲಿ. ಪದ ಇಡೀ ನಾಡಿನದು; ಯಾರು ಬೇಕಾದರೂ ಹಾಡಬಹುದು, ಅಚ್ಚು ಹಾಕಿಸಬಹುದು. ಅದೇ ಪದಕ್ಕೆ ಸಿ. ಅಶ್ವತ್ಥ್ ಕೂಡಿಸಿದ ರಾಗಕ್ಕೆ ಲೆಕ್ಕ ಬೇರೆ. ರಾಗ ಸಂಯೋಜನೆಯ ಹಕ್ಕು ಅದನ್ನು ಕಟ್ಟಿದವರ ಜೀವಿತಕಾಲಕ್ಕೂ, ಅವರು ಹೋದ ಮೇಲೆ ಇನ್ನೂ 60 ವರ್ಷಕ್ಕೂ ಉಳಿಯುತ್ತದೆ. ಮೂರನೆಯದೊಂದಿದೆ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಗಣಪತಿ ಪೆಂಡಾಲಿನಲ್ಲಿ ನಾವು ನಿಜವಾಗಿ ಕೇಳುವುದು ಅದನ್ನೇ: ಸ್ಟುಡಿಯೊದಲ್ಲಿ ಮುದ್ರಣಗೊಂಡ ಆ ಒಂದು ದನಿ, ಆ ಒಂದು ದಿನದ ಹಾಡಿಕೆ. ಅದು ಯಾರದು? 1957ರ ಕೃತಿಸ್ವಾಮ್ಯ ಕಾಯಿದೆ ಧ್ವನಿಮುದ್ರಣದ ಕರ್ತೃ ಎಂದು ಗುರುತಿಸುವುದು ಹಾಡಿದವರನ್ನಲ್ಲ, ತಬಲಾ ನುಡಿಸಿದವರನ್ನೂ ಅಲ್ಲ. ಮುದ್ರಣಕ್ಕೆ ಮುಂದಾಗಿ ಅದರ ಹೊಣೆ ಹೊತ್ತ ನಿರ್ಮಾಪಕರೇ ಕಾನೂನಿನ ಕಣ್ಣಿಗೆ ಕರ್ತೃ. ಪ್ರಕಟಣೆಯಾದ ಮೇಲೆ 60 ವರ್ಷ ಆ ದನಿ ಅವರದು.

ಕಲಾವಿದರು ಆಡಿಯೊ ಕಂಪನಿಗಳ ಜೊತೆ ಇರಬೇಕೆ, ಸ್ವತಂತ್ರವಾಗಿ ಹೊರಡಬೇಕೆ ಎಂಬ ಚರ್ಚೆ ಈಗ ಎಲ್ಲ ಕಡೆ ನಡೆಯುತ್ತಿದೆ. ಕಂಪನಿಗಳು ಸುಲಿಗೆ ಮಾಡುತ್ತವೆ, ಯೂಟ್ಯೂಬ್ ಇರುವಾಗ ಅವರ ಹಂಗೇಕೆ ಎಂದು ಒಂದು ಪಕ್ಷ. ಕಂಪನಿ ಇಲ್ಲದಿದ್ದರೆ ಹಾಡು ಕೇಳುವವರೇ ಇರುವುದಿಲ್ಲ ಎಂದು ಇನ್ನೊಂದು. ಈ ಮೂರನೆಯ ಹಕ್ಕು, ಅಂದರೆ ಮೂಲ ಮುದ್ರಣದ ಒಡೆತನ, ಎರಡು ಪಕ್ಷಗಳ ಮಾತಿನಲ್ಲೂ ಹಿಂದೆ ಸರಿದುಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ವ್ಯಾಜ್ಯದ ಬೇರು ಅಲ್ಲಿಯೇ ಇದೆ.

ಕಂಪನಿಯ ಲೆಕ್ಕ ಹೇಗೆ ನಡೆಯುತ್ತದೆ ಎನ್ನುವುದನ್ನು ಮೊದಲು ನೋಡೋಣ. ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳಿ. ಗಾಯಕಿಯೊಬ್ಬರ ಆಲ್ಬಂಗೆ ಕಂಪನಿ 10 ಲಕ್ಷ ರೂಪಾಯಿ ಹಾಕುತ್ತದೆ. ಸ್ಟುಡಿಯೊ ಬಾಡಿಗೆ, ವಾದ್ಯದವರ ಸಂಬಳ, ಕೈಗೊಂದಿಷ್ಟು ಮುಂಗಡ, ಎಲ್ಲ ಅದರಲ್ಲೇ. ರಾಯಲ್ಟಿ ಶೇ. 10. ಪ್ರತಿಯ ಬೆಲೆ 100 ರೂಪಾಯಿ, 50,000 ಪ್ರತಿ ಖರ್ಚಾಯಿತು ಅನ್ನಿ. ಬಂದದ್ದು 50 ಲಕ್ಷ. ಅದರಲ್ಲಿ ಗಾಯಕಿಯ ಪಾಲು 5 ಲಕ್ಷ. ಆದರೆ ಆ 5 ಲಕ್ಷ ಅವರ ಕೈಗೆ ಬರುವುದಿಲ್ಲ. ಕಂಪನಿ ಹಾಕಿದ ಹತ್ತು ಲಕ್ಷಕ್ಕೆ ವಜಾ ಆಗುತ್ತದೆ. ಲೆಡ್ಜರಿನಲ್ಲಿ ಅವರ ಹೆಸರಿನ ಮುಂದೆ ಇನ್ನೂ 5 ಲಕ್ಷ ಬಾಕಿ. ಮತ್ತೆ 50,000 ಪ್ರತಿ ಹೋದರೆ ಬಾಕಿ ಚುಕ್ತಾ. ಅಲ್ಲಿಗೆ ಒಂದು ಕೋಟಿ ರೂಪಾಯಿಯ ವ್ಯಾಪಾರ ಮುಗಿದಿರುತ್ತದೆ, ಗಾಯಕಿಗೆ ಮುಂಗಡದ ಮೇಲೆ ಒಂದು ರೂಪಾಯಿಯೂ ಬಂದಿರುವುದಿಲ್ಲ. ಅಂಗಡಿಯವರ ಕಮಿಷನ್, ಸಾಗಾಣಿಕೆ, ಪ್ರಚಾರ ಎಲ್ಲ ಕಳೆದು ಉಳಿದದ್ದು ಕಂಪನಿಗೆ. ಇಷ್ಟಾದರೂ ವ್ಯಾಪಾರದಲ್ಲಿ ಇದ್ದದ್ದೇ ಎನ್ನಬಹುದು. ನನಗೆ ಅರಗದಿರುವುದು ಮುಂದಿನ ಸಂಗತಿ. ಮುದ್ರಣದ ಖರ್ಚನ್ನು ಪೂರ್ತಿ ತೀರಿಸಿದ್ದು ಗಾಯಕಿಯ ಪಾಲಿನ ಹಣ. ತೀರಿದ ಮೇಲೆ ಆ ಮುದ್ರಣದ ಒಡೆಯರು ಕಂಪನಿಯವರೇ.

ಅಮೆರಿಕದಲ್ಲಿ ಈ ಲೆಕ್ಕದ ಕೈಗೆ ಸಿಕ್ಕವರ ಸಾಲು ದೊಡ್ಡದು. ಟಿಎಲ್‌ಸಿ ತಂಡದ ಮೂವರು ಹುಡುಗಿಯರು 1995ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ಅವರ ಎರಡನೆಯ ಆಲ್ಬಂ ಲಕ್ಷಗಟ್ಟಲೆ ಮಾರಾಟವಾಗುತ್ತಿತ್ತು. ಮುಂದೆ ಅದು ಒಂದು ಕೋಟಿ ಪ್ರತಿ ದಾಟಿತು. ಅವರಿಗಿಂತ ನಾಲ್ಕು ದಶಕ ಹಿಂದಿನ ರೂತ್ ಬ್ರೌನ್ ಕಥೆ ಇನ್ನೂ ಕಹಿ. 1949ರಿಂದ ಅಟ್ಲಾಂಟಿಕ್ ರೆಕಾರ್ಡ್ಸ್‌ಗೆ ಹಾಡಿದ ಈ ಕಪ್ಪು ಗಾಯಕಿಯ ಯಶಸ್ಸಿನ ಮೇಲೆಯೇ ಆ ಕಂಪನಿ ನಿಂತಿತು, ಅದು ರೂತ್ ಕಟ್ಟಿದ ಮನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಕಾಲ ಬದಲಾಗಿ ಹಾಡುಗಳು ನಿಂತ ಮೇಲೆ ಅವರು ಬೇರೆಯವರ ಮನೆಗೆಲಸ ಮಾಡಿದರು, ಶಾಲೆಯ ಬಸ್ಸು ಓಡಿಸಿದರು. ಹಳೆಯ ರೆಕಾರ್ಡುಗಳು ಮತ್ತೆ ಮಾರಾಟವಾಗತೊಡಗಿದಾಗ ರಾಯಲ್ಟಿ ಕೇಳಿದರೆ, ನೀವೇ ನಮಗೆ ಬಾಕಿ ಎಂದು ಕಂಪನಿ ಲೆಕ್ಕ ತೋರಿಸಿತು. ವಕೀಲರೊಬ್ಬರನ್ನು ಜೊತೆಗಿಟ್ಟುಕೊಂಡು ವರ್ಷಗಟ್ಟಲೆ ಹೋರಾಡಿದ ಮೇಲೆ, 1988ರಲ್ಲಿ ಅಟ್ಲಾಂಟಿಕ್ ತನ್ನ ಹಳೆಯ ಕಲಾವಿದರ ಬಾಕಿಗಳನ್ನು ಅಳಿಸಿಹಾಕಲು ಒಪ್ಪಿತು, ಅಂಥವರ ನೆರವಿಗೆ ನಿಧಿಯೊಂದಕ್ಕೆ ಹಣವನ್ನೂ ಕೊಟ್ಟಿತು. ರೂತ್ ಬ್ರೌನ್ ಗೆದ್ದದ್ದು ಹೊಸ ಹಾಡಿನಿಂದಲ್ಲ, ತಾವು ಎಂದೋ ಹಾಡಿ ಮುಗಿಸಿದ್ದರ ಲೆಕ್ಕ ಕೇಳಿ.

ಗಾಯಕ ಪ್ರಿನ್ಸ್ 1993ರಲ್ಲಿ ತನ್ನ ಹೆಸರನ್ನೇ ಬಿಟ್ಟು ಒಂದು ಚಿಹ್ನೆಯನ್ನು ಹೆಸರಾಗಿಸಿಕೊಂಡದ್ದು, ಕೆನ್ನೆಯ ಮೇಲೆ ಗುಲಾಮ ಎಂದು ಬರೆದುಕೊಂಡು ವೇದಿಕೆ ಏರಿದ್ದು ಆಗ ಬಹಳ ಜನಕ್ಕೆ ಹುಚ್ಚಾಟವಾಗಿ ಕಂಡಿತ್ತು. ಕೋಟಿಗಟ್ಟಲೆ ಗಳಿಸುವವನಿಗೆ ಎಂಥ ಗುಲಾಮಗಿರಿ ಎಂದರು. ಆತನ ತಕರಾರು ಹಣದ್ದಷ್ಟೇ ಆಗಿರಲಿಲ್ಲ. ಹಾಡು ಯಾವಾಗ ಹೊರಬರಬೇಕು ಎಂದು ತೀರ್ಮಾನಿಸುವವರು ಯಾರು, ಹೊರಬಂದ ಮೇಲೆ ಅದು ಯಾರದು ಎಂಬುದೇ ಆತನ ಪ್ರಶ್ನೆ. ಹಳೆಯ ಮುದ್ರಣಗಳ ಬಗ್ಗೆ ವಾರ್ನರ್ ಕಂಪನಿಯೊಂದಿಗೆ ರಾಜಿ ಆಗುವ ಹೊತ್ತಿಗೆ 2014 ಬಂದಿತ್ತು. ಎರಡೇ ವರ್ಷದಲ್ಲಿ ಆತ ತೀರಿಕೊಂಡ.

ಕಂಪನಿಗಳ ಪರವಾಗಿಯೂ ಮಾತಿದೆ, ಅದನ್ನು ಸರಿಯಾಗಿ ಕೇಳಿಸಿಕೊಳ್ಳದೆ ಈ ವಾದ ನಿಲ್ಲದು. ಬಹುಪಾಲು ಆಲ್ಬಂಗಳು ಹಾಕಿದ ಹಣವನ್ನು ಹಿಂದಕ್ಕೆ ತರುವುದಿಲ್ಲ. ಗೆದ್ದ ಒಂದರ ಲಾಭದಲ್ಲಿ ಸೋತ ಹಲವನ್ನು ಸಾಕಬೇಕು. ಸೋತ ಕಲಾವಿದರು ಮುಂಗಡ ವಾಪಸು ಕೊಡಬೇಕಾಗಿಲ್ಲ, ನಷ್ಟ ಕಂಪನಿಗೇ. ಇದು ನಿಜ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಋಣವೂ ಇದೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕೂಡಿಸಿದ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಬಂತು. ಆಮೇಲಿನ ಎರಡು ದಶಕಗಳಲ್ಲಿ ಕನ್ನಡ ಕಾವ್ಯ ತರಗತಿಯಿಂದ ಹೊರಬಿದ್ದು ಅಡುಗೆಮನೆಗೂ ಟೆಂಪೊ ಚಾಲಕರ ಪಕ್ಕದ ಸೀಟಿಗೂ ಬಂದು ಕೂತದ್ದು ಕ್ಯಾಸೆಟ್ಟಿನಿಂದ. ಕವಿತೆ ಓದದವರಿಗೂ ಬೇಂದ್ರೆ, ನರಸಿಂಹಸ್ವಾಮಿ ಬಾಯಿಪಾಠವಾದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥ್ ಅವರ 'ಕನ್ನಡವೇ ಸತ್ಯ'ಕ್ಕೆ ಸೇರಿದ ಜನಸಾಗರ ಒಂದು ಸಂಜೆಯಲ್ಲಿ ಹುಟ್ಟಿದ್ದಲ್ಲ. ಕ್ಯಾಸೆಟ್ಟಿಗೆ ದುಡ್ಡು ಹಾಕಿ, ಊರೂರಿನ ಅಂಗಡಿಗೆ ಮುಟ್ಟಿಸಿ, ಮಾರದೆ ಉಳಿದದ್ದನ್ನು ವಾಪಸು ತೆಗೆದುಕೊಂಡವರ ದುಡಿಮೆ ಆ ಜನಸಾಗರದ ಹಿಂದೆ ಇದೆ.

ಹಾಗಾದರೆ ಅಪಾಯ ಹೊತ್ತವರಿಗೆ ದೊಡ್ಡ ಪಾಲು ಸಲ್ಲಬೇಕು, ಒಪ್ಪೋಣ. ಆದರೆ ಅಪಾಯಕ್ಕೆ ಒಂದು ಕೊನೆ ಇದೆ. ಹಾಕಿದ ಹಣ ಬಂದು, ಅದರ ಮೇಲೆ ಲಾಭವೂ ಬಂದ ದಿನ ಅಪಾಯ ಮುಗಿಯಿತು. ಒಡೆತನ ಮಾತ್ರ ಏಕೆ ಮುಗಿಯಬಾರದು?

ನಮ್ಮ ಹಳ್ಳಿಗಳಲ್ಲಿ ಹೊಲವನ್ನು ಭೋಗ್ಯಕ್ಕೆ ಹಾಕುವುದುಂಟು. ಕಷ್ಟಕ್ಕೆ ಹಣ ಕೊಟ್ಟವನು ಗೊತ್ತುಮಾಡಿದಷ್ಟು ವರ್ಷ ಹೊಲ ಉತ್ತು ಅದರ ಇಳುವರಿ ಉಣ್ಣುತ್ತಾನೆ. ಒಳ್ಳೆಯ ಮಳೆಯಾದರೆ ಅವನ ಅದೃಷ್ಟ, ಬರ ಬಿದ್ದರೆ ಅವನ ಹಣೆಬರಹ. ಅವಧಿ ಮುಗಿದ ಮೇಲೆ ಹೊಲ ಯಾರದೋ ಅವರಿಗೆ. ಇದನ್ನು ಯಾರೂ ಹಣ ಕೊಟ್ಟವನಿಗೆ ಅನ್ಯಾಯವೆಂದು ಕರೆಯುವುದಿಲ್ಲ. ಕ್ರಯಪತ್ರ ಬೇರೆ; ಅದಕ್ಕೆ ರುಜು ಹಾಕಿದರೆ ಮೊಮ್ಮಕ್ಕಳಿಗೂ ಹೊಲವಿಲ್ಲ. ಆಡಿಯೊ ಒಪ್ಪಂದಗಳಲ್ಲಿ ಆಗುತ್ತ ಬಂದಿರುವುದು ಇದೇ: ಭೋಗ್ಯದ ಮೊತ್ತ ಕೊಟ್ಟು ಕ್ರಯಪತ್ರ ಬರೆಸಿಕೊಳ್ಳುವುದು. ಕಲಾವಿದರು ವಿರೋಧಿಸಬೇಕಾದ್ದು ಕಂಪನಿಯನ್ನಲ್ಲ, ಈ ಕ್ರಯಪತ್ರವನ್ನು.

ಗದಗದ ಕಡೆಯ ಹುಡುಗಿಯೊಬ್ಬಳು ನನಗೆ ಪರಿಚಯ. ಸೋಬಾನೆ ಪದ, ತತ್ವಪದಗಳನ್ನು ಅಜ್ಜಿಯಿಂದ ಕಲಿತವಳು. ಒಂದು ಕಂಪನಿ ಅವಳಿಂದ ಎಂಟು ಹಾಡು ಹಾಡಿಸಿಕೊಂಡಿತು. ಅವಳ ತಂದೆ ಒಪ್ಪಂದದ ಪತ್ರ ತಂದು ಓದಿ ಹೇಳಿ ಎಂದರು. ಪೂರ್ತಿ ಇಂಗ್ಲಿಷು. ಹಕ್ಕು ಶಾಶ್ವತ, ಕ್ಷೇತ್ರ ಇಡೀ ವಿಶ್ವ, ಈಗಿರುವ ಮತ್ತು ಮುಂದೆ ಎಂದಾದರೂ ಕಂಡುಹಿಡಿಯಬಹುದಾದ ಎಲ್ಲ ಮಾಧ್ಯಮಗಳಿಗೂ ಅನ್ವಯ. ಈ ಎಂಟು ಹಾಡುಗಳನ್ನು ಬೇರೆ ಯಾರಿಗೂ ಮುದ್ರಣಕ್ಕೆ ಹಾಡಿಕೊಡುವಂತಿಲ್ಲ ಎಂಬ ಷರತ್ತು ಐದನೆಯ ಪುಟದಲ್ಲಿ. ಎಲ್ಲಕ್ಕೂ ಸೇರಿ ಒಂದೇ ಕಂತಿನ ಮೊತ್ತ, ಮದುವೆ ಮನೆಯ ಒಂದು ಸಂಜೆಯ ಕಾರ್ಯಕ್ರಮಕ್ಕೆ ಅವಳಿಗೆ ಸಿಗುವುದಕ್ಕಿಂತ ಸ್ವಲ್ಪ ಹೆಚ್ಚು. ರುಜು ಆಗಲೇ ಆಗಿಹೋಗಿತ್ತು. ಅರ್ಥ ವಿವರಿಸಿದಾಗ ತಂದೆ ಬೇಸರಪಡಲಿಲ್ಲ. "ಹಾಡು ನಾಕು ಮಂದಿಗೆ ಕೇಳಿಸ್ತದಲ್ರಿ, ಅಷ್ಟ ಸಾಕ್ರಿ" ಅಂದರು. ಆ ಮಾತಿನ ದೊಡ್ಡತನಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಅಂಥ ದೊಡ್ಡತನವನ್ನೇ ನೆಚ್ಚಿಕೊಂಡು ಬರೆದ ಪತ್ರ ಅದು ಎಂಬುದನ್ನು ಮರೆಯಲಾರೆ.

ಕಾನೂನು ಇಷ್ಟು ನಿರ್ದಯವಾಗಿಲ್ಲ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ನಮೂದಾಗದಿದ್ದರೆ ಅದು ಐದೇ ವರ್ಷ ಎಂದು ಕೃತಿಸ್ವಾಮ್ಯ ಕಾಯಿದೆಯ 19ನೆಯ ಕಲಮು ಹೇಳುತ್ತದೆ. ಕ್ಷೇತ್ರ ನಮೂದಾಗದಿದ್ದರೆ ಭಾರತಕ್ಕೆ ಮಾತ್ರ. ಅಂದರೆ ಐದು ವರ್ಷ ನ್ಯಾಯವಾದ ಅವಧಿ ಎಂದು ಸಂಸತ್ತಿಗೇ ತೋರಿದೆ. ಪತ್ರ ಮೌನವಾಗಿದ್ದರೆ ಕಲಾವಿದರಿಗೆ ಅನುಕೂಲ; ಆದ್ದರಿಂದಲೇ ಪತ್ರಗಳು ಮೌನವಾಗಿರುವುದಿಲ್ಲ.

ಇಷ್ಟು ದೂರ ಬರುವುದಕ್ಕೂ ಕಾಲ ಹಿಡಿಯಿತು. 1977ರಲ್ಲಿ ಸಂಗೀತ ಸಂಯೋಜಕರ ಸಂಘಕ್ಕೂ ಚಲನಚಿತ್ರ ನಿರ್ಮಾಪಕರಿಗೂ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ನಿರ್ಮಾಪಕರ ಕಡೆ ನಿಂತಿತು: ಹಣ ಕೊಟ್ಟು ಹಾಡು ಮಾಡಿಸಿದವರೇ ಮೊದಲ ಒಡೆಯರು. ತೀರ್ಪನ್ನು ಒಪ್ಪಿದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಒಂದು ಸಂಕಟವನ್ನೂ ದಾಖಲಿಸಿದರು. ಹಾಡಿದವರಿಗೆ ಈ ಕಾಯಿದೆಯಲ್ಲಿ ಯಾವ ಹಕ್ಕೂ ಇಲ್ಲ, ಸಂಸತ್ತು ಇದನ್ನು ಯೋಚಿಸಬೇಕು ಎಂದು. ಗಾಯಕರಿಗೆ, ವಾದಕರಿಗೆ ಪ್ರದರ್ಶಕರೆಂಬ ನೆಲೆಯಲ್ಲಿ ಹಕ್ಕು ಸಿಕ್ಕಿದ್ದು 1994ರ ತಿದ್ದುಪಡಿಯಲ್ಲಿ. ಗೀತರಚನೆಕಾರರಿಗೂ ಸಂಯೋಜಕರಿಗೂ ರಾಯಲ್ಟಿಯ ಸಮಪಾಲನ್ನು ಯಾವ ಒಪ್ಪಂದದಿಂದಲೂ ಕಿತ್ತುಕೊಳ್ಳಬಾರದು ಎಂಬ ನಿಯಮ 2012ರಲ್ಲಿ ಬಂತು. ರಾಜ್ಯಸಭೆಯಲ್ಲಿದ್ದ ಜಾವೇದ್ ಅಖ್ತರ್ ಅದಕ್ಕಾಗಿ ಹಟ ಹಿಡಿದು ದುಡಿದರು. ಒಳ್ಳೆಯ ಕಾನೂನು. ಆದರೆ ಗದಗದ ಆ ಹುಡುಗಿ ಪದ ಬರೆದವಳಲ್ಲ, ರಾಗ ಕಟ್ಟಿದವಳೂ ಅಲ್ಲ. ಅವು ಅವಳ ಅಜ್ಜಿಯ ಅಜ್ಜಿಯಿಂದ ಬಂದವು, ಕಾನೂನಿನ ಲೆಕ್ಕದಲ್ಲಿ ಹಕ್ಕುದಾರರೇ ಇಲ್ಲದವು. ಸಮಪಾಲಿನ ನಿಯಮ ಅವಳನ್ನು ಮುಟ್ಟುವುದಿಲ್ಲ. ಅವಳಿಗಿರುವುದು ಪ್ರದರ್ಶಕಿಯ ಹಕ್ಕೊಂದೇ, ಅದೂ ತನಗಿದೆ ಎಂದು ಅವಳಿಗೆ ಯಾರೂ ಹೇಳಿಲ್ಲ. ಕರ್ನಾಟಕದ ಎಷ್ಟೋ ಜನಪದ ಕಲಾವಿದರ ಪಾಡು ಇದು.

ಹಾಗಾದರೆ ಸ್ವತಂತ್ರವಾಗಿ ಹೊರಟುಬಿಡುವುದೇ ದಾರಿಯೇ? ದಾರಿ ಹಿಂದೆಂದಿಗಿಂತ ತೆರೆದಿದೆ, ಅದು ದಿಟ. ಮನೆಯ ಕೋಣೆಯಲ್ಲಿ ಮುದ್ರಿಸಿದ ಹಾಡನ್ನು ವರ್ಷಕ್ಕಿಷ್ಟೆಂದು ಶುಲ್ಕ ಕಟ್ಟಿ ಲೋಕದ ಎಲ್ಲ ಆ್ಯಪ್‌ಗಳಿಗೆ ಮುಟ್ಟಿಸಬಹುದು. ಬ್ಯಾಂಡ್‌ಕ್ಯಾಂಪ್‌ನಂಥ ತಾಣದಲ್ಲಿ ಕೇಳುಗ ನೇರವಾಗಿ ಕೊಂಡರೆ ತಾಣದ ಪಾಲು ಶೇ. 15, ಉಳಿದದ್ದರಲ್ಲಿ ಬ್ಯಾಂಕಿನ ಶುಲ್ಕ ಕಳೆದು ಕಲಾವಿದರಿಗೆ. ದೊಡ್ಡ ಕಂಪನಿಗಳಲ್ಲಿ ನೆಲೆ ಸಿಗದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂದದ್ದು ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಕಟ್ಟಿದ್ದ ಸಣ್ಣ ಸಂಸ್ಥೆಯಿಂದ; ಆ ಆಲ್ಬಂ ಕನ್ನಡದ ಜನಪದವನ್ನು ಎಲ್ಲೆಲ್ಲಿಗೋ ಕರೆದೊಯ್ಯಿತು.

ಆದರೆ ಸ್ವಾತಂತ್ರ್ಯದ ಪರವಾಗಿ ನಾವು ಎತ್ತಿ ತೋರಿಸುವ ಹೆಸರುಗಳನ್ನು ಸ್ವಲ್ಪ ತಡೆದು ನೋಡಬೇಕು. ರೇಡಿಯೊಹೆಡ್ ತಂಡ 2007ರಲ್ಲಿ ಆಲ್ಬಂ ಒಂದನ್ನು ನಿಮಗೆ ತೋಚಿದ ಬೆಲೆಗೆ ಕೊಳ್ಳಿ ಎಂದು ಅಂತರ್ಜಾಲದಲ್ಲಿಟ್ಟು ಗೆದ್ದಿತು. ಆ ತಂಡವನ್ನು 1991ರಿಂದ ಬೆಳೆಸಿದ್ದು ಇಎಂಐ ಎಂಬ ದೊಡ್ಡ ಕಂಪನಿ. ಅದೇ ಆಲ್ಬಂನ ಸಿ.ಡಿ.ಗಳನ್ನು ಅಂಗಡಿಗೆ ಮುಟ್ಟಿಸಲು ಮತ್ತೆ ಇನ್ನೊಂದು ಸಣ್ಣ ಕಂಪನಿ ಬೇಕಾಯಿತು. ಗಾಯಕಿ ಟೇಲರ್ ಸ್ವಿಫ್ಟ್ ಕಥೆಯೂ ಹೀಗೆಯೇ. ಆಕೆಯ ಮೊದಲ ಆರು ಆಲ್ಬಂಗಳ ಮೂಲ ಮುದ್ರಣಗಳು 2019ರಲ್ಲಿ ಕಂಪನಿಯ ಜೊತೆಗೇ ಬೇರೆಯವರಿಗೆ ಮಾರಾಟವಾದವು. 2021ರಿಂದ ಆಕೆ ಅವುಗಳಲ್ಲಿ ನಾಲ್ಕನ್ನು ಮೊದಲಿನಿಂದ ಮತ್ತೆ ಹಾಡಿ ಬಿಡುಗಡೆ ಮಾಡಿದರು, 2025ರಲ್ಲಿ ಹಳೆಯ ಮುದ್ರಣಗಳನ್ನೇ ಕೊಂಡುಕೊಂಡರು. ಮತ್ತೆ ಹಾಡಲು ಸಾಧ್ಯವಾದದ್ದು ಬರಹದ, ರಾಗದ ಹಕ್ಕು ಆಕೆಯ ಕೈಯಲ್ಲಿ ಉಳಿದಿದ್ದರಿಂದ. ಕೊಳ್ಳಲು ಸಾಧ್ಯವಾದದ್ದು ಅಷ್ಟು ಹಣವಿರುವ, ಲೋಕದಲ್ಲಿ ಬೆರಳೆಣಿಕೆಯಷ್ಟಿರುವ ಹಾಡುಗಾರರಲ್ಲಿ ಆಕೆ ಒಬ್ಬರಾಗಿದ್ದರಿಂದ. ಆ ಬಳಿಕ ಕಂಪನಿಗಳು ಹೊಸ ಒಪ್ಪಂದಗಳಲ್ಲಿ ಮರುಮುದ್ರಣದ ನಿಷೇಧದ ಅವಧಿಯನ್ನು ಉದ್ದ ಮಾಡತೊಡಗಿದವೆಂದು ಅಮೆರಿಕದ ಪತ್ರಿಕೆಗಳು ವರದಿ ಮಾಡಿವೆ. ಗೆದ್ದವರ ದಾರಿಯನ್ನು ಅವರ ಹಿಂದೆ ಬರುವವರಿಗೆ ಮುಚ್ಚುವುದು ಹೀಗೆ.

ಇನ್ನು ಸ್ವತಂತ್ರ ಕಲಾವಿದರು ಕಂಪನಿಯನ್ನು ಬಿಟ್ಟು ಎಲ್ಲಿಗೆ ಹೋಗುತ್ತಾರೆ? ಡಿಜಿಟಲ್ ವೇದಿಕೆಗಳಿಗೆ. ಸ್ಪಾಟಿಫೈನಂಥ ಆ್ಯಪ್‌ಗಳಲ್ಲಿ ಶಿರಸಿಯ ಕೇಳುಗರೊಬ್ಬರು ತಿಂಗಳ ಚಂದಾ ಕಟ್ಟಿ ಬರೀ ಒಬ್ಬ ಭಾಗವತರ ಪದಗಳನ್ನೇ ಕೇಳಿದರೂ ಆ ಚಂದಾ ಭಾಗವತರಿಗೆ ಹೋಗುವುದಿಲ್ಲ. ಎಲ್ಲರ ಹಣ ಒಟ್ಟು ಸೇರಿ, ಒಟ್ಟು ಕೇಳುವಿಕೆಯಲ್ಲಿ ಯಾರ ಪಾಲು ಎಷ್ಟೋ ಆ ಪ್ರಮಾಣದಲ್ಲಿ ಹಂಚಿಹೋಗುತ್ತದೆ. ಸಿಂಹಪಾಲು ಸಿನಿಮಾ ಹಾಡುಗಳಿಗೆ. 2024ರಿಂದ, ಹಿಂದಿನ 12 ತಿಂಗಳಲ್ಲಿ ಸಾವಿರ ಸಲ ಕೇಳಿಸದ ಹಾಡಿಗೆ ಸ್ಪಾಟಿಫೈ ಏನನ್ನೂ ಕೊಡುವುದಿಲ್ಲ. ಈ ನಿಯಮಕ್ಕೆ ಯಾವ ಕಲಾವಿದರ ರುಜುವೂ ಬೇಕಾಗಲಿಲ್ಲ. ಕಂಪನಿಯೊಂದಿಗೆ ಜಗಳವಾಡಲು ಒಂದು ಒಪ್ಪಂದವಾದರೂ ಇರುತ್ತದೆ. ಹಕ್ಕಿನ ಕಾವಲಿಗೆ ವೇದಿಕೆಗಳು ಇಟ್ಟಿರುವ ಯಂತ್ರಗಳ ನ್ಯಾಯವೂ ನೋಡುವಂಥದ್ದೇ. 2018ರಲ್ಲಿ ಜೇಮ್ಸ್ ರೋಡ್ಸ್ ಎಂಬ ಬ್ರಿಟಿಷ್ ಪಿಯಾನೊ ವಾದಕ ತಾನೇ ನುಡಿಸಿದ ಬಾಖ್ ಕೃತಿಯ ತುಣುಕೊಂದನ್ನು ಫೇಸ್‌ಬುಕ್‌ಗೆ ಹಾಕಿದರೆ, ಅದು ಸೋನಿ ಕಂಪನಿಯ ಸ್ವತ್ತೆಂದು ದನಿಯನ್ನು ಅಡಗಿಸಲಾಯಿತು. ಬಾಖ್ ತೀರಿಕೊಂಡದ್ದು 1750ರಲ್ಲಿ. ತಕರಾರೆದ್ದ ಮೇಲೆ ಸೋನಿಯವರು ತಮ್ಮ ಹಕ್ಕಿನ ಮಾತನ್ನು ಹಿಂದೆಗೆದುಕೊಂಡರು. ಪುರಂದರದಾಸರ ದೇವರನಾಮವನ್ನೋ ಸೋಬಾನೆಯನ್ನೋ ತನ್ನದೇ ದನಿಯಲ್ಲಿ ಹಾಡಿ ಹಾಕಿದ ನಮ್ಮ ಹಳ್ಳಿಯ ಗಾಯಕಿಗೆ ಹೀಗಾದರೆ ತಕರಾರು ಎತ್ತುವ ಬಾಯಿ ಎಲ್ಲಿದೆ?

ಸ್ವತಂತ್ರರಾದವರ ಬಗ್ಗೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಕಂಪನಿ ಬಿಟ್ಟು ತನ್ನದೇ ಹಣದಲ್ಲಿ ಆಲ್ಬಂ ಮಾಡುವ ಗಾಯಕರು ಕಾನೂನಿನ ಪ್ರಕಾರ ನಿರ್ಮಾಪಕರಾಗುತ್ತಾರೆ. ಆ ಮುದ್ರಣದಲ್ಲಿ ಕೊಳಲು ನುಡಿಸಿದವರು, ಢೋಲಕ್ ಬಾರಿಸಿದವರು, ಹಿಂದೆ ಕೋರಸ್ ಹಾಡಿದ ಹೆಣ್ಣುಮಕ್ಕಳು ಒಂದು ದಿನದ ಸಂಬಳ ತೆಗೆದುಕೊಂಡು ಮನೆಗೆ ಹೋಗುತ್ತಾರೆ, ಕಂಪನಿಯ ಕಾಲದಲ್ಲಿ ಹೋದಂತೆಯೇ. ಹಾಡು ಗೆದ್ದರೆ ಅವರಿಗೇನು? 2017ರಲ್ಲಿ ಇಳಯರಾಜ ತಮ್ಮ ಹಾಡುಗಳನ್ನು ಅನುಮತಿಯಿಲ್ಲದೆ ವೇದಿಕೆಯಲ್ಲಿ ಹಾಡಬಾರದೆಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ನೋಟಿಸು ಕಳಿಸಿದಾಗ ದಕ್ಷಿಣ ಭಾರತವೇ ಬೆಚ್ಚಿತು. ಸಂಯೋಜಕರು ತಮ್ಮ ಹಕ್ಕನ್ನು ಕಾಪಾಡಿಕೊಳ್ಳುವುದು ತಪ್ಪಲ್ಲ. ಆದರೂ ಆ ಹಾಡುಗಳು ನಮ್ಮ ಕಿವಿಯಲ್ಲಿ ನೆಲೆಸಿರುವುದು ಎಸ್‌ಪಿಬಿ ದನಿಯಲ್ಲಿ. ಹಕ್ಕು ಕಂಪನಿಯಿಂದ ಒಬ್ಬ ಕಲಾವಿದರ ಕೈಗೆ ಬಂದ ಮಾತ್ರಕ್ಕೆ ಹಂಚಿಕೆ ನ್ಯಾಯವಾಗುವುದಿಲ್ಲ. ಯಾರು ನುಡಿಸಿದರು ಎಂಬ ಪಟ್ಟಿಯನ್ನು ಹಾಡಿನ ಜೊತೆ ಹಾಕುವುದು, ಲಾಭದಲ್ಲಿ ಅವರಿಗೊಂದು ಸಣ್ಣ ಪಾಲನ್ನು ಬರೆದಿಡುವುದು ಸ್ವತಂತ್ರ ಕಲಾವಿದರಿಗೆ ಇಂದೇ ಸಾಧ್ಯ. ಅವರನ್ನು ತಡೆಯುವ ಕಂಪನಿ ಈಗ ಯಾವುದೂ ಇಲ್ಲ.

ಆದ್ದರಿಂದ ಎಲ್ಲರೂ ಕಂಪನಿ ಬಿಟ್ಟು ಹೊರಬನ್ನಿ ಎಂದು ನಾನು ಹೇಳಲಾರೆ. ಈಗಾಗಲೇ ಕೇಳುಗರಿರುವವರು, ಲೆಕ್ಕಪತ್ರ ಪ್ರಚಾರಗಳ ಹೊರೆ ಹೊರುವ ಚೈತನ್ಯವುಳ್ಳವರು ಧಾರಾಳವಾಗಿ ಹೋಗಲಿ. ಕುಟುಂಬ ನಡೆಸಲು ನಾಳೆಯೇ ಹಣ ಬೇಕಾದವರಿಗೆ, ಇನ್ನೂ ಯಾರಿಗೂ ಪರಿಚಯವಿಲ್ಲದವರಿಗೆ ಒಳ್ಳೆಯ ಕಂಪನಿ ಬೇಕಾಗುತ್ತದೆ, ಮುಂದೆಯೂ ಬೇಕು. ಅವರು ಕಂಪನಿಗೆ ಹಾಡು ಕೊಡಲಿ, ಭೋಗ್ಯಕ್ಕೆ. ಐದು ವರ್ಷಕ್ಕೆ, ಹೆಚ್ಚೆಂದರೆ ಹತ್ತು ವರ್ಷಕ್ಕೆ. ಕಂಪನಿಗಳು ಇದಕ್ಕೆ ಒಪ್ಪುವುದಿಲ್ಲ ಎನ್ನುವವರಿದ್ದಾರೆ. ಒಬ್ಬೊಬ್ಬರಾಗಿ ಹೋಗಿ ಕೇಳಿದರೆ ಖಂಡಿತ ಒಪ್ಪುವುದಿಲ್ಲ. ಈ ಹುಡುಗಿ ಬೇಡವೆಂದರೆ ಮುಂದಿನ ಊರಿನಲ್ಲಿ ಇನ್ನೊಬ್ಬಳಿದ್ದಾಳೆ.

ಒಬ್ಬೊಬ್ಬರಾಗಿ ಕೇಳಬೇಕಾದ ಸ್ಥಿತಿಯನ್ನು ತಪ್ಪಿಸಲು ಸರ್ಕಾರಕ್ಕೆ ದೊಡ್ಡ ಖರ್ಚೇನೂ ಆಗದು. ಕರ್ನಾಟಕ ಜಾನಪದ ಅಕಾಡೆಮಿ, ಸಂಗೀತ ನೃತ್ಯ ಅಕಾಡೆಮಿಗಳು ಸೇರಿ ಕನ್ನಡದಲ್ಲಿ ಒಂದು ಮಾದರಿ ಒಪ್ಪಂದವನ್ನು ಸಿದ್ಧಪಡಿಸಬಹುದು. ಎರಡೇ ಪುಟ ಸಾಕು. ಅವಧಿ ಐದು ವರ್ಷ. ಮುಗಿದ ಮೇಲೆ ಮುದ್ರಣದ ಹಕ್ಕು ಕಲಾವಿದರಿಗೆ. ಆರು ತಿಂಗಳಿಗೊಮ್ಮೆ ಕನ್ನಡದಲ್ಲಿ ಲೆಕ್ಕ. ಪಾರಂಪರಿಕ ಪದವನ್ನು ಬೇರೆ ಕಡೆ ಹಾಡಲು ಅಡ್ಡಿಯಿಲ್ಲ. ವಾದ್ಯದವರ ಹೆಸರು ಕಡ್ಡಾಯ. ರುಜುವಿಗೆ ಮುನ್ನ ಹದಿನೈದು ದಿನ ಪತ್ರ ಕಲಾವಿದರ ಮನೆಯಲ್ಲಿರಬೇಕು. ಸರ್ಕಾರದ ಧನಸಹಾಯ ಪಡೆಯುವ, ಸರ್ಕಾರದ ಉತ್ಸವಗಳಿಗೆ ಧ್ವನಿಮುದ್ರಣ ಒದಗಿಸುವ ಪ್ರತಿ ಸಂಸ್ಥೆಯೂ ಈ ಪತ್ರವನ್ನೇ ಬಳಸಬೇಕೆಂದು ಆದೇಶ ಮಾಡಿದರೆ, ಉಳಿದ ಕಂಪನಿಗಳ ಮುಂದೆ ಇಡಲು ಗದಗದ ಆ ತಂದೆಯ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ. ಅಕಾಡೆಮಿಗಳು ವರ್ಷವರ್ಷವೂ ಜನಪದ ಕಲಾವಿದರಿಗೆ ಪ್ರಶಸ್ತಿ ಕೊಡುತ್ತವೆ. ಅದೇ ಸಮಾರಂಭದಲ್ಲಿ, ಅದೇ ಜನಕ್ಕೆ, ಈ ಎರಡು ಪುಟಗಳನ್ನೂ ಓದಿ ಹೇಳಿ ಕೈಗೆ ಕೊಡಬಹುದು.